ಕಂಟೇನರ್ ನಿರ್ವಹಣಾ ತಂತ್ರಾಂಶ ಮತ್ತು ಸರ್ಕಾರಿ ಕಚೇರಿಗಳ ಭದ್ರತಾ ನಿಯಮಗಳು: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ

ಹಿಂದೆ ಗ್ರಾಮ ಪಂಚಾಯಿತಿಯ ದಾಖಲೆಗಳೆಂದರೆ ಕಚೇರಿಯ ಬೀರುವಿನಲ್ಲಿದ್ದ ವಹಿಗಳು. ಮನೆ ಕಂದಾಯದ ಬೇಡಿಕೆ ವಹಿ, ನಗದು ಪುಸ್ತಕ, ನಡವಳಿ ಪುಸ್ತಕ ಎಲ್ಲವೂ ಒಂದೇ ಕೋಣೆಯಲ್ಲಿದ್ದವು. ಬೀರುವಿನ ಬೀಗದ ಕೈ ಯಾರ ಬಳಿ ಇದೆ ಎಂಬುದು ಊರಿಗೇ ತಿಳಿದಿರುತ್ತಿತ್ತು. ಪುಟ ಹರಿದರೂ ಅಂಕಿ ತಿದ್ದಿದರೂ ಕಣ್ಣಿಗೆ ಕಾಣುತ್ತಿತ್ತು. ಇಂದು ಆಸ್ತಿಯ ನಮೂನೆ-9 ಮತ್ತು ನಮೂನೆ-11ಬಿ ಇ-ಸ್ವತ್ತು ತಂತ್ರಾಂಶದಿಂದ ಬರುತ್ತವೆ. ಪಂಚಾಯಿತಿಯ ಲೆಕ್ಕಪತ್ರ ಪಂಚತಂತ್ರ ತಂತ್ರಾಂಶದಲ್ಲಿದೆ. ಹಣಕಾಸು ಆಯೋಗದ ಅನುದಾನದ ಪಾವತಿ ಇ-ಗ್ರಾಮಸ್ವರಾಜ್ ಮೂಲಕ ನಡೆಯುತ್ತದೆ. ಕಚೇರಿಯ ಮೇಜಿನ ಮೇಲಿರುವ ಗಣಕಯಂತ್ರ ಒಂದು ಕಿಟಕಿ ಮಾತ್ರ. ದಾಖಲೆ ಇರುವುದು ದೂರದ ದತ್ತಾಂಶ ಕೇಂದ್ರದಲ್ಲಿ.

ಆ ಕೇಂದ್ರದ ಬೀಗದ ಕೈ ಯಾರ ಬಳಿ ಇರುತ್ತದೆ, ಅಲ್ಲಿ ತಿದ್ದಿದ ಅಂಕಿ ಯಾರ ಕಣ್ಣಿಗೆ ಬೀಳುತ್ತದೆ ಎಂಬ ಪ್ರಶ್ನೆ ಸದಸ್ಯರಿಗೆ ಸಂಬಂಧಪಡದ ತಾಂತ್ರಿಕ ವಿಷಯವೆಂದು ತೋರಬಹುದು. ಆದರೆ ಒಬ್ಬ ಬಡ ಮಹಿಳೆಯ ಮನೆಯ ಖಾತೆ ಒಂದು ರಾತ್ರಿಯಲ್ಲಿ ಬೇರೆಯವರ ಹೆಸರಿಗೆ ಬದಲಾದರೆ ಆಕೆ ಬಂದು ನಿಲ್ಲುವುದು ದತ್ತಾಂಶ ಕೇಂದ್ರದ ಬಾಗಿಲಿಗಲ್ಲ, ತನ್ನ ವಾರ್ಡಿನ ಸದಸ್ಯರ ಮನೆಯ ಬಾಗಿಲಿಗೆ. ಆದಕಾರಣ ಸರ್ಕಾರಿ ಸೇವೆಗಳು ಹೆಚ್ಚು ಹೆಚ್ಚಾಗಿ ಅವಲಂಬಿಸುತ್ತಿರುವ ಕಂಟೇನರ್ ನಿರ್ವಹಣಾ ತಂತ್ರಾಂಶವೆಂದರೇನು, ಅದಕ್ಕೆ ಯಾವ ಭದ್ರತಾ ನಿಯಮಗಳನ್ನು ವಿಧಿಸಲಾಗಿದೆ, ಆ ನಿಯಮಗಳ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಹಡಗಿನ ಪೆಟ್ಟಿಗೆ, ಗಣಕದ ಪೆಟ್ಟಿಗೆ

ಕಂಟೇನರ್ ಎಂಬ ಹೆಸರು ಬಂದರಿನಿಂದ ಬಂದದ್ದು. 1956ರ ಏಪ್ರಿಲ್ 26ರಂದು ಅಮೆರಿಕದ ನೂವರ್ಕ್ ಬಂದರಿನಿಂದ ಐಡಿಯಲ್ ಎಕ್ಸ್ ಎಂಬ ಹಡಗು 58 ಲೋಹದ ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್ ಕಡೆಗೆ ಹೊರಟಿತು. ಲಾರಿ ಸಾಗಣೆಯ ಉದ್ಯಮಿ ಮಾಲ್ಕಮ್ ಮೆಕ್ಲೀನ್ ಅವರ ಯೋಜನೆ ಅದು. ಅದಕ್ಕೆ ಮೊದಲು ಹಮಾಲರು ಮೂಟೆ, ಪೀಪಾಯಿಗಳನ್ನು ಒಂದೊಂದಾಗಿ ಹೊತ್ತು ಹಡಗಿಗೆ ತುಂಬಬೇಕಾಗಿತ್ತು. ಪೆಟ್ಟಿಗೆ ಬಂದ ಮೇಲೆ ಒಳಗಿರುವುದು ಕಾಫಿಯೋ ಬಟ್ಟೆಯೋ ಯಂತ್ರದ ಬಿಡಿಭಾಗವೋ ಎಂಬುದನ್ನು ಹಡಗು, ರೈಲು, ಲಾರಿ ಯಾವುದೂ ಕೇಳಬೇಕಾಗಿಲ್ಲ. ಹೊರಗಿನ ಅಳತೆ ಒಂದೇ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ಒಳನಾಡು ಕಂಟೇನರ್ ಡಿಪೋ ಕೆಲಸ ಮಾಡುವುದೂ ಈ ತತ್ತ್ವದ ಮೇಲೆಯೇ. ಅಲ್ಲಿ ಮುದ್ರೆ ಬಿದ್ದ ಪೆಟ್ಟಿಗೆ ಕಡಲಾಚೆ ತಲುಪಿದಾಗ ಮೊದಲು ನೋಡುವುದು ಮುದ್ರೆ ಒಡೆದಿದೆಯೇ ಎಂಬುದನ್ನು.

ತಂತ್ರಾಂಶದ ಕಂಟೇನರ್ ಸಹ ಹಾಗೆಯೇ. ಒಂದು ತಂತ್ರಾಂಶ ನಡೆಯಲು ಬೇಕಾದ ಕಡತಗಳು, ಪೂರಕ ತಂತ್ರಾಂಶಗಳು, ಹೊಂದಾಣಿಕೆಗಳು ಎಲ್ಲವನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿಡಲಾಗುತ್ತದೆ. ಆ ಪೊಟ್ಟಣವನ್ನು ಯಾವ ಯಂತ್ರದ ಮೇಲಿಟ್ಟರೂ ಒಂದೇ ರೀತಿ ನಡೆಯುತ್ತದೆ. 2013ರಲ್ಲಿ ಡಾಕರ್ ಎಂಬ ಉಪಕರಣ ಬಂದ ಮೇಲೆ ಈ ಪದ್ಧತಿ ಜಗತ್ತಿನಾದ್ಯಂತ ಹರಡಿತು. ಆದರೆ ಪೆಟ್ಟಿಗೆಗಳ ಸಂಖ್ಯೆ ಹತ್ತರಿಂದ ನೂರಕ್ಕೆ, ನೂರರಿಂದ ಸಾವಿರಕ್ಕೆ ಏರಿದಾಗ ಅವುಗಳನ್ನು ಯಾವ ಯಂತ್ರದ ಮೇಲೆ ಇರಿಸಬೇಕು, ಒಂದು ಕೆಟ್ಟರೆ ಬದಲಿಗೆ ಇನ್ನೊಂದನ್ನು ಯಾರು ನಿಲ್ಲಿಸಬೇಕು, ಅರ್ಜಿ ಸಲ್ಲಿಕೆಯ ಕೊನೆಯ ದಿನ ಜನಸಂದಣಿ ಹೆಚ್ಚಿದರೆ ಪೆಟ್ಟಿಗೆಗಳನ್ನು ಹೆಚ್ಚಿಸುವವರು ಯಾರು ಎಂಬ ಪ್ರಶ್ನೆಗಳು ಎದ್ದವು. ಈ ಕೆಲಸಕ್ಕಾಗಿ ಇರುವುದೇ ಕಂಟೇನರ್ ನಿರ್ವಹಣಾ ತಂತ್ರಾಂಶ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಕುಬರ್ನೆಟಿಸ್. ಗೂಗಲ್ ಸಂಸ್ಥೆ 2014ರಲ್ಲಿ ಇದನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿತು. ಮೊದಲ ಪೂರ್ಣ ಆವೃತ್ತಿ 2015ರ ಜುಲೈಯಲ್ಲಿ ಬಂದಿತು. ಗ್ರೀಕ್ ಭಾಷೆಯ ಈ ಪದಕ್ಕೆ ಹಡಗಿನ ಚುಕ್ಕಾಣಿ ಹಿಡಿಯುವವನು ಎಂಬ ಅರ್ಥವಿದೆ. ಇಂತಹ ಹಲವು ಹಡಗುಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳಲು ರಾಂಚರ್ ಮುಂತಾದ ಮೇಲ್ಪದರದ ತಂತ್ರಾಂಶಗಳೂ ಇವೆ.

ಇದು ಅಮೆರಿಕದ ದೊಡ್ಡ ಕಂಪನಿಗಳ ಮಾತು ಮಾತ್ರವಲ್ಲ. ಬೆಂಗಳೂರಿನ ಇ-ಗವರ್ನಮೆಂಟ್ಸ್ ಫೌಂಡೇಶನ್ ರೂಪಿಸಿದ ಡಿಜಿಟ್ ಎಂಬ ವೇದಿಕೆ ಕುಬರ್ನೆಟಿಸ್ ಮೇಲೆಯೇ ನಡೆಯುತ್ತದೆ. ಪಂಜಾಬಿನ ನಗರ ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆ, ನೀರಿನ ಶುಲ್ಕ, ದೂರುಗಳ ನಿರ್ವಹಣೆಯಂತಹ ಸೇವೆಗಳಿಗೆ ಆ ವೇದಿಕೆ ಬಳಕೆಯಾಗಿದೆ. ಸ್ಥಳೀಯ ಸಂಸ್ಥೆಗಳ ಕೆಲಸ ಈ ಬಗೆಯ ಪೆಟ್ಟಿಗೆಗಳೊಳಗೆ ಈಗಾಗಲೇ ಸೇರಿದೆ.

ಒಂದೇ ಕೈಯಲ್ಲಿ ಎಲ್ಲ ಬೀಗದ ಕೈಗಳು

ಚುಕ್ಕಾಣಿ ಹಿಡಿದವನ ಅಧಿಕಾರ ದೊಡ್ಡದು. ಈ ತಂತ್ರಾಂಶಕ್ಕೆ ಆಜ್ಞೆ ಕೊಡಬಲ್ಲವರು ಹೊಸ ಪೆಟ್ಟಿಗೆ ನಿಲ್ಲಿಸಬಹುದು, ಇರುವುದನ್ನು ಅಳಿಸಬಹುದು, ಒಳಗಿನ ಪಾಸ್‌ವರ್ಡ್‌ಗಳನ್ನು ಓದಬಹುದು, ದತ್ತಾಂಶ ಭಂಡಾರದ ದಾರಿ ಹಿಡಿಯಬಹುದು. ಹಿಂದಿನ ಪದ್ಧತಿಯಲ್ಲಿ ಕಳ್ಳನು ಹತ್ತು ಯಂತ್ರಗಳಿಗೆ ಹತ್ತು ಬಾರಿ ಕನ್ನ ಹಾಕಬೇಕಾಗಿತ್ತು. ಇಲ್ಲಿ ಒಂದು ಬಾಗಿಲು ತೆರೆದರೆ ಇಡೀ ಉಗ್ರಾಣ ತೆರೆಯುತ್ತದೆ.

2018ರ ಫೆಬ್ರುವರಿಯಲ್ಲಿ ಬೆಳಕಿಗೆ ಬಂದ ಒಂದು ಪ್ರಕರಣ ಇದಕ್ಕೆ ಉತ್ತಮ ಉದಾಹರಣೆ. ವಿದ್ಯುತ್ ಕಾರು ತಯಾರಿಸುವ ಟೆಸ್ಲಾ ಸಂಸ್ಥೆಯ ಕುಬರ್ನೆಟಿಸ್ ನಿಯಂತ್ರಣ ಫಲಕವೊಂದು ಅಂತರ್ಜಾಲಕ್ಕೆ ತೆರೆದುಕೊಂಡಿತ್ತು ಮತ್ತು ಅದಕ್ಕೆ ಪಾಸ್‌ವರ್ಡ್ ಇರಲಿಲ್ಲ ಎಂದು ರೆಡ್‌ಲಾಕ್ ಎಂಬ ಭದ್ರತಾ ಸಂಸ್ಥೆ ವರದಿ ಮಾಡಿತು. ಒಳನುಗ್ಗಿದವರಿಗೆ ಅಲ್ಲಿ ಸಂಸ್ಥೆಯ ಕ್ಲೌಡ್ ಖಾತೆಯ ಕೀಲಿಗಳೂ ಸಿಕ್ಕಿದ್ದವು. ಅವರು ಆ ಯಂತ್ರಗಳನ್ನು ಕ್ರಿಪ್ಟೋ ನಾಣ್ಯ ಉತ್ಪಾದಿಸಲು ದುಡಿಸಿಕೊಂಡರು, ಅದೂ ಯಂತ್ರದ ಬಳಕೆ ವಿಪರೀತ ಏರಿ ಯಾರ ಗಮನಕ್ಕೂ ಬಾರದಂತೆ ಮೆಲ್ಲನೆ. ಗೋಡೆ ಒಡೆಯುವ ಜಾಣತನ ಇಲ್ಲಿ ಬೇಕಾಗಿರಲಿಲ್ಲ. ಬಾಗಿಲು ಚಿಲಕವಿಲ್ಲದೆ ಇತ್ತು, ಒಳಗೆ ಬೀಗದ ಕೈಗೊಂಚಲು ಗೂಟಕ್ಕೆ ನೇತುಹಾಕಿತ್ತು, ಅಷ್ಟೆ. ಹಣವೂ ತಜ್ಞರೂ ಇರುವ ಸಂಸ್ಥೆಯಲ್ಲೇ ಹೀಗಾಗಿದ್ದರೆ, ಒಬ್ಬ ತಾಂತ್ರಿಕ ಸಿಬ್ಬಂದಿ ನಾಲ್ಕು ಇಲಾಖೆಗಳ ಕೆಲಸ ನೋಡಿಕೊಳ್ಳುವ ಕಡೆ ಎಷ್ಟು ಎಚ್ಚರ ಬೇಕೆಂಬುದನ್ನು ಊಹಿಸಬಹುದು.

ಎರಡನೆಯ ಅಪಾಯ ಕಂಟೇನರ್‌ನ ಸ್ವಭಾವದಲ್ಲಿಯೇ ಇದೆ. ಪ್ರತ್ಯೇಕ ಯಂತ್ರಗಳು ಬೇರೆ ಬೇರೆ ನಿವೇಶನದಲ್ಲಿ ಕಟ್ಟಿದ ಮನೆಗಳಂತಿದ್ದರೆ ಕಂಟೇನರ್‌ಗಳು ವಠಾರದ ಮನೆಗಳಿದ್ದಂತೆ. ಬಾಗಿಲು ಬೇರೆಯಾದರೂ ಮಾಡು ಒಂದೇ, ನಡುಗೋಡೆ ತೆಳು. ಎಲ್ಲ ಪೆಟ್ಟಿಗೆಗಳೂ ಕೆಳಗಿರುವ ಒಂದೇ ಕಾರ್ಯಾಚರಣಾ ವ್ಯವಸ್ಥೆಯ ತಿರುಳನ್ನು ಹಂಚಿಕೊಳ್ಳುತ್ತವೆ. 2019ರ ಫೆಬ್ರುವರಿಯಲ್ಲಿ ರನ್‌ಸಿ ಎಂಬ ಮೂಲ ಉಪಕರಣದಲ್ಲಿ ದೋಷವೊಂದು ಪತ್ತೆಯಾಯಿತು. ದುರುದ್ದೇಶದಿಂದ ಕಟ್ಟಿದ ಒಂದು ಪೆಟ್ಟಿಗೆ ತನ್ನ ಗೋಡೆ ದಾಟಿ ಇಡೀ ಯಂತ್ರದ ಸರ್ವಾಧಿಕಾರವನ್ನೇ ಪಡೆಯಬಹುದಿತ್ತು. ಪೆಟ್ಟಿಗೆಯೊಳಗಿನ ತಂತ್ರಾಂಶಕ್ಕೆ ಮೊದಲೇ ಸರ್ವಾಧಿಕಾರಿಯ ಸ್ಥಾನ ಕೊಟ್ಟಿದ್ದ ಕಡೆಗಳಲ್ಲಿ ಈ ದೋಷ ಫಲಿಸುತ್ತಿತ್ತು. ಅಧಿಕಾರವನ್ನು ಮಿತಿಗೊಳಿಸಿದ್ದ ಕಡೆಗಳಿಗೆ ಅಪಾಯ ಬಹುಮಟ್ಟಿಗೆ ತಟ್ಟಲಿಲ್ಲ.

ನಿಯಮಗಳು ಹೇಳುವುದೇನು

ಸರ್ಕಾರಿ ಸಂಸ್ಥೆಗಳಿಗೆ ಕಂಟೇನರ್ ಭದ್ರತೆಯ ನಿಯಮಗಳನ್ನು ಅತ್ಯಂತ ಸೂಕ್ಷ್ಮವಾಗಿ ಬರೆದಿರುವ ದೇಶಗಳಲ್ಲಿ ಅಮೆರಿಕ ಮುಖ್ಯವಾದದ್ದು. ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆ ನಿಸ್ಟ್ 2017ರ ಸೆಪ್ಟೆಂಬರ್‌ನಲ್ಲಿ ಈ ಕುರಿತ ಮಾರ್ಗದರ್ಶಿಯನ್ನು ಪ್ರಕಟಿಸಿತು. ರಾಷ್ಟ್ರೀಯ ಭದ್ರತಾ ಸಂಸ್ಥೆ ಹಾಗೂ ಸೈಬರ್ ಭದ್ರತಾ ಸಂಸ್ಥೆಗಳು ಒಟ್ಟಾಗಿ 2021ರ ಆಗಸ್ಟ್‌ನಲ್ಲಿ ಕುಬರ್ನೆಟಿಸ್ ಕುರಿತ ಮಾರ್ಗದರ್ಶಿ ಹೊರಡಿಸಿ, 2022ರಲ್ಲಿ ಪರಿಷ್ಕರಿಸಿದವು. ಅಮೆರಿಕದ ರಕ್ಷಣಾ ಇಲಾಖೆಯ ಅಧೀನದಲ್ಲಿರುವ ಡೀಸಾ ಎಂಬ ಸಂಸ್ಥೆ ಸ್ಟಿಗ್ ಎಂಬ ಹೆಸರಿನ ನಿಯಮಾವಳಿಗಳನ್ನು ಹೊರಡಿಸುತ್ತದೆ. ಕುಬರ್ನೆಟಿಸ್‌ಗೆ ಒಂದು, ರಾಂಚರ್‌ಗೆ ಒಂದು ಹೀಗೆ ತಂತ್ರಾಂಶಕ್ಕೊಂದರಂತೆ ಇವೆ. ಪ್ರತಿ ನಿಯಮಕ್ಕೂ ಮೂರು ದರ್ಜೆಗಳಲ್ಲಿ ಒಂದನ್ನು ಕೊಡಲಾಗುತ್ತದೆ. ಉಲ್ಲಂಘಿಸಿದರೆ ನೇರವಾಗಿ, ಕೂಡಲೇ ಹಾನಿಯಾಗುವಂತಹವು ಮೊದಲ ದರ್ಜೆಯವು. ಹಾನಿಗೆ ಎಡೆಮಾಡಿಕೊಡಬಹುದಾದವು ಎರಡನೆಯವು. ರಕ್ಷಣೆಯನ್ನು ದುರ್ಬಲಗೊಳಿಸುವಂತಹವು ಮೂರನೆಯವು. ಲೆಕ್ಕ ಪರಿಶೋಧನೆಯ ಆಕ್ಷೇಪಣೆಗಳಲ್ಲಿ ಸಣ್ಣದು ದೊಡ್ಡದು ಎಂದು ವಿಂಗಡಿಸುವುದನ್ನು ಕಂಡಿರುವ ಸದಸ್ಯರಿಗೆ ಇದು ಅಪರಿಚಿತವೆನಿಸದು.

ಕುಬರ್ನೆಟಿಸ್ ಕುರಿತ ಮೊದಲ ದರ್ಜೆಯ ನಿಯಮಗಳಲ್ಲಿ ಒಂದು, ಹೆಸರು ಹೇಳದವರಿಗೆ ಪ್ರವೇಶವಿಲ್ಲ ಎಂಬುದು. ಬಹು ಸರಳವಾಗಿ ಕಾಣುವ ಈ ನಿಯಮವನ್ನು ಬರೆದಿಡಬೇಕಾಗಿ ಬಂದದ್ದೇಕೆಂದರೆ, ತಂತ್ರಾಂಶದ ಕೆಲವು ಬಾಗಿಲುಗಳು ಅನಾಮಧೇಯರ ಕೋರಿಕೆಯನ್ನೂ ಸ್ವೀಕರಿಸುವಂತೆ ಇರಬಲ್ಲವು. ಅದನ್ನು ನಿರ್ವಾಹಕರು ಬುದ್ಧಿಪೂರ್ವಕವಾಗಿ ಮುಚ್ಚಬೇಕು. ಟೆಸ್ಲಾ ಪ್ರಕರಣದಲ್ಲಿ ಕಂಡಂತಹ ನಿಯಂತ್ರಣ ಫಲಕವನ್ನು ಸ್ಥಾಪಿಸಲೇಬಾರದೆಂದು ಇನ್ನೊಂದು ನಿಯಮ ಹೇಳುತ್ತದೆ. ಅನುಕೂಲವಿದ್ದರೂ ಬೇಡ ಎಂಬುದು ಅದರ ನಿಲುವು. ಕಟ್ಟುನಿಟ್ಟೆನಿಸಿದರೂ ಸರ್ಕಾರಿ ದಾಖಲೆಗಳ ವಿಷಯದಲ್ಲಿ ಅದೇ ಸರಿ.

ಎಲ್ಲ ನಿಯಮಗಳ ಬೆನ್ನೆಲುಬು ಕನಿಷ್ಠ ಅಧಿಕಾರದ ತತ್ತ್ವ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಾತ್ರ. ಕೆರೆಯ ಬಯಲಿನ ಊರುಗಳಲ್ಲಿ ಇದು ಹೊಸ ಮಾತಲ್ಲ. ನೀರುಗಂಟಿ ತೂಬು ಎತ್ತುತ್ತಾನೆ, ಸರದಿಯ ಗದ್ದೆಗೆ ನೀರು ಹಾಯಿಸುತ್ತಾನೆ. ಆದರೆ ಯಾವ ಗದ್ದೆಗೆ ಎಷ್ಟು ಎಂಬ ಸರದಿಯನ್ನು ಅವನು ಬರೆಯುವುದಿಲ್ಲ, ಗದ್ದೆಯ ಪಹಣಿಗೆ ಅವನ ಕೈ ತಗಲುವುದಿಲ್ಲ. ನೀರುಗಂಟಿಯ ಮೇಲೆ ಸಂಶಯವಿದ್ದು ಮಾಡಿದ ಏರ್ಪಾಡಲ್ಲ ಅದು. ನಾಳೆ ಯಾರಾದರೂ ಅವನನ್ನು ಬೆದರಿಸಿದರೂ ಅವನಿಂದ ಮಾಡಿಸಬಹುದಾದದ್ದು ತೂಬಿನ ಮಟ್ಟಿಗೆ ಮಾತ್ರ ಎಂಬ ಭರವಸೆ ಅದರಲ್ಲಿದೆ. ಕುಬರ್ನೆಟಿಸ್‌ನಲ್ಲಿಯೂ ಹೀಗೆಯೇ ಪಾತ್ರಗಳನ್ನು ವಿಂಗಡಿಸಲಾಗುತ್ತದೆ. ಒಂದು ಸೇವೆಯ ಸ್ಥಿತಿಗತಿ ನೋಡುವವರಿಗೆ ಅಳಿಸುವ ಅಧಿಕಾರವಿಲ್ಲ. ಒಂದು ಇಲಾಖೆಯ ಪೆಟ್ಟಿಗೆಗಳನ್ನು ಇನ್ನೊಂದು ಇಲಾಖೆಯ ಪೆಟ್ಟಿಗೆಗಳಿಂದ ಬೇರೆ ಆವರಣದಲ್ಲಿಡಬೇಕು; ಬಳಕೆದಾರರ ಕೆಲಸಗಳನ್ನು ತಂತ್ರಾಂಶದ ಸ್ವಂತ ಆವರಣದಲ್ಲಿ ನಡೆಸುವಂತಿಲ್ಲ. ಪೆಟ್ಟಿಗೆಯೊಳಗಿನ ತಂತ್ರಾಂಶ ಸರ್ವಾಧಿಕಾರಿಯಾಗಿ ನಡೆಯಕೂಡದು. ರನ್‌ಸಿ ಪ್ರಕರಣದ ಪಾಠ ಇದೇ.

ಗುಟ್ಟಿನ ಮಾಹಿತಿಗಳ ಕುರಿತ ನಿಯಮ ಸ್ವಲ್ಪ ವಿವರಣೆ ಬಯಸುತ್ತದೆ. ದತ್ತಾಂಶ ಭಂಡಾರದ ಪಾಸ್‌ವರ್ಡ್ ಮುಂತಾದವುಗಳನ್ನು ಇರಿಸಲು ಕುಬರ್ನೆಟಿಸ್‌ನಲ್ಲಿ ಸೀಕ್ರೆಟ್ ಎಂಬ ಪ್ರತ್ಯೇಕ ಸ್ಥಳವಿದೆ. ಹೆಸರು ಕೇಳಿದವರು ಅದು ಬೀಗ ಹಾಕಿದ ಪೆಟ್ಟಿಗೆಯೆಂದು ಭಾವಿಸುತ್ತಾರೆ. ವಾಸ್ತವದಲ್ಲಿ, ಬೇರೆ ಏರ್ಪಾಡು ಮಾಡದಿದ್ದರೆ ಅಲ್ಲಿರುವ ಅಕ್ಷರಗಳು ಬೇರೊಂದು ರೂಪದಲ್ಲಿ ಬರೆದಿಟ್ಟವು ಅಷ್ಟೆ. ಹಳೆಯ ಮುಂಬೈ ಪ್ರಾಂತದ ದಫ್ತರುಗಳಲ್ಲಿದ್ದ ಮೋಡಿ ಲಿಪಿಯ ಕಾಗದದಂತೆ, ಓದಲು ಬಾರದವರಿಗೆ ಅದು ಗೂಢ, ಬಲ್ಲವರಿಗೆ ತೆರೆದ ಪುಟ. ಆದ್ದರಿಂದ ಆ ಮಾಹಿತಿಯನ್ನು ಸಂಗ್ರಹದಲ್ಲಿ ನಿಜವಾದ ಗೂಢಲಿಪೀಕರಣಕ್ಕೆ ಒಳಪಡಿಸಬೇಕೆಂದು ಮಾರ್ಗದರ್ಶಿ ಹೇಳುತ್ತದೆ. ಪೆಟ್ಟಿಗೆಯ ಪರಿಸರ ಚರಗಳಲ್ಲಿ, ಎಂದರೆ ತಂತ್ರಾಂಶ ಶುರುವಾಗುವಾಗ ಅದಕ್ಕೆ ಒದಗಿಸುವ ಹೊಂದಾಣಿಕೆಗಳಲ್ಲಿ, ಪಾಸ್‌ವರ್ಡ್ ಬರೆದಿಡಕೂಡದೆಂದು ಸ್ಟಿಗ್ ಮೊದಲ ದರ್ಜೆಯ ನಿಯಮವಾಗಿ ಹೇಳುತ್ತದೆ.

ಪೆಟ್ಟಿಗೆಯೊಳಗೆ ಏನಿದೆ ಎಂಬುದೂ ಮುಖ್ಯ. ನಂಬಿಕೆಗೆ ಅರ್ಹವಾದ ಉಗ್ರಾಣದಿಂದಲೇ ತರಬೇಕು, ದೋಷಗಳಿಗಾಗಿ ತಪಾಸಣೆ ಮಾಡಿರಬೇಕು, ಹಳೆಯ ಆವೃತ್ತಿಗಳನ್ನು ಅಳಿಸಬೇಕು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಸಣ್ಣ ಪೂರಕ ತಂತ್ರಾಂಶದಲ್ಲಿ ಭಾರಿ ದೋಷ ಕಂಡುಬಂದಾಗ ಜಗತ್ತಿನಾದ್ಯಂತ ಕಚೇರಿಗಳ ಮುಂದಿದ್ದ ಮೊದಲ ಪ್ರಶ್ನೆ, ಅದು ತಮ್ಮ ಯಾವ ಯಾವ ತಂತ್ರಾಂಶದೊಳಗೆ ಅಡಗಿದೆ ಎಂಬುದು. ಒಳಗಿನ ಸಾಮಗ್ರಿಯ ಪಟ್ಟಿ ಇಟ್ಟುಕೊಂಡಿದ್ದವರು ಪಟ್ಟಿ ನೋಡಿದರು. ಇಲ್ಲದವರು ಒಂದೊಂದೇ ಪೆಟ್ಟಿಗೆ ಬಿಚ್ಚಿ ಹುಡುಕಿದರು.

ರಾಂಚರ್ ಕುರಿತ ನಿಯಮಗಳಲ್ಲಿ ಒಂದು ವಿಶೇಷ ಅಂಶವಿದೆ. ಎಲ್ಲರೂ ಕೇಂದ್ರೀಯ ಬಳಕೆದಾರ ಪಟ್ಟಿಯ ಮೂಲಕವೇ ಪ್ರವೇಶಿಸಬೇಕು. ಆದರೆ ಆ ಪಟ್ಟಿಯೇ ಕೈಕೊಟ್ಟ ದಿನ ಬಳಸಲು ಒಂದು ತುರ್ತು ಖಾತೆ ಇರಬೇಕು, ಮತ್ತು ಅದು ಬಳಕೆಯಲ್ಲಿಲ್ಲವೆಂಬ ಕಾರಣಕ್ಕೆ ತಾನಾಗಿ ರದ್ದಾಗಕೂಡದು. ಮೇಲ್ನೋಟಕ್ಕೆ ಇದು ಬಿಗಿ ನಿಯಮಗಳ ನಡುವೆ ಬಿಟ್ಟ ಸಡಿಲಿನಂತೆ ಕಾಣುತ್ತದೆ. ಆದರೆ ಬೀಗದ ಕೈ ಕಳೆದುಹೋಗಬಹುದು ಎಂಬುದನ್ನು ಮೊದಲೇ ಒಪ್ಪಿಕೊಳ್ಳದ ನಿಯಮಾವಳಿಯನ್ನು ಸಿಬ್ಬಂದಿ ಆಪತ್ತಿನ ದಿನ ಬದಿಗೊತ್ತುತ್ತಾರೆ, ಆ ಮೇಲೆ ದಿನವೂ ಬದಿಗೊತ್ತುತ್ತಾರೆ.

ಭಾರತದ ನಿರ್ದೇಶನಗಳು

ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ 70ಬಿ ಪ್ರಕರಣದ ಅಡಿಯಲ್ಲಿ ಕೆಲಸ ಮಾಡುವ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ನಿರ್ದೇಶನಗಳನ್ನು ಹೊರಡಿಸಿತು. ಅವು ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಸೈಬರ್ ಭದ್ರತೆಯ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಗಣಕ ವ್ಯವಸ್ಥೆಗಳ ದಿನಚರಿ ದಾಖಲೆಗಳನ್ನು 180 ದಿನಗಳ ಕಾಲ ದೇಶದೊಳಗೇ ಕಾಯ್ದಿಡಬೇಕು. ಎಲ್ಲ ಯಂತ್ರಗಳ ಗಡಿಯಾರಗಳನ್ನು ಅಧಿಕೃತ ಕಾಲಮಾನಕ್ಕೆ ಸರಿಹೊಂದಿಸಬೇಕು. ಗಡಿಯಾರದ ಮಾತು ಕ್ಷುಲ್ಲಕವಲ್ಲ. ಒಂದು ಯಂತ್ರ ಹತ್ತು ನಿಮಿಷ ಮುಂದಿದ್ದರೆ, ಖಾತೆ ಬದಲಾದದ್ದು ಅಧಿಕಾರಿ ಕಚೇರಿಯಲ್ಲಿದ್ದಾಗಲೋ ಮನೆಗೆ ಹೋದ ಮೇಲೋ ಎಂಬುದನ್ನು ಯಾವ ತನಿಖಾಧಿಕಾರಿಯೂ ಸಾಧಿಸಿ ತೋರಿಸಲಾರ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕುಬರ್ನೆಟಿಸ್ ಕುರಿತ ಸ್ಟಿಗ್ ನಿಯಮ ಪರಿಶೋಧನಾ ದಿನಚರಿಯನ್ನು ಆ ಯಂತ್ರದಲ್ಲಿ ಕನಿಷ್ಠ 30 ದಿನ ಇರಿಸಿಕೊಳ್ಳಬೇಕೆನ್ನುತ್ತದೆ. ಆ ಅಂಕಿಯನ್ನು ಹಾಗೆಯೇ ನಕಲು ಮಾಡಿಕೊಂಡು, ಹಳೆಯ ದಿನಚರಿಯನ್ನು ಬೇರೆಡೆಗೆ ಸಾಗಿಸಿ ಉಳಿಸದೆ ಹೋದರೆ, ಅಮೆರಿಕದ ನಿಯಮವನ್ನು ಪಾಲಿಸಿಯೂ ಭಾರತದ ನಿರ್ದೇಶನವನ್ನು ಮುರಿದಂತಾಗುತ್ತದೆ. ಗ್ರಾಮೀಣ ಜನರ ದೃಷ್ಟಿಯಿಂದ 180 ದಿನವೂ ಹೆಚ್ಚೇನಲ್ಲ. ಖಾತೆ ಬದಲಾದ ಸಂಗತಿ ಎಷ್ಟೋ ವೇಳೆ ತಿಳಿಯುವುದು ಬ್ಯಾಂಕಿನ ಸಾಲಕ್ಕೋ ಮಗಳ ಮದುವೆಗೆ ನಿವೇಶನ ಮಾರಲೋ ಹೊರಟಾಗ. ಆ ಹೊತ್ತಿಗೆ ದಿನಚರಿ ಅಳಿಸಿಹೋಗಿದ್ದರೆ ಉಳಿಯುವುದು ಬಾಯಿ ಮಾತು ಮಾತ್ರ.

2023ರ ಜೂನ್‌ನಲ್ಲಿ ಸರ್ಟ್-ಇನ್ ಸರ್ಕಾರಿ ಸಂಸ್ಥೆಗಳಿಗಾಗಿಯೇ ಮಾಹಿತಿ ಭದ್ರತೆಯ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಬಳಕೆದಾರರ ಗುರುತು ಮತ್ತು ಪ್ರವೇಶದ ನಿಯಂತ್ರಣ, ಹೊರಗುತ್ತಿಗೆ, ಭದ್ರತಾ ಪರಿಶೋಧನೆ ಮುಂತಾದ ವಿಷಯಗಳು ಅದರಲ್ಲಿವೆ. 2024ರ ಅಕ್ಟೋಬರ್‌ನಲ್ಲಿ ತಂತ್ರಾಂಶದ ಸಾಮಗ್ರಿ ಪಟ್ಟಿಯ ಕುರಿತು ತಾಂತ್ರಿಕ ಮಾರ್ಗಸೂಚಿ ಬಂದಿತು. ಸರ್ಕಾರಿ ನೌಕರರಿಗೆಂದು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ಸಿದ್ಧಪಡಿಸಿದ ಸೂಚನೆಗಳೂ ಇವೆ. ಪಾಸ್‌ವರ್ಡ್‌ಗಳನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಬಾರದು, ಸರ್ಕಾರಿ ಕಡತಗಳನ್ನು ಮೊಬೈಲಿನ ಖಾಸಗಿ ಸ್ಕ್ಯಾನರ್ ಆ್ಯಪ್‌ಗಳಲ್ಲಿ ಸ್ಕ್ಯಾನ್ ಮಾಡಬಾರದು ಎಂಬ ಮಾತುಗಳು ಅವುಗಳಲ್ಲಿವೆ. ಹಾಗೆ ಹೆಸರಿಸಿರುವ ಕ್ಯಾಮ್‌ಸ್ಕ್ಯಾನರ್, 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಒಂದು.

ನಿಯಮಗಳು ತಲುಪಲಾರದ ಜಾಗ

ಇದುವರೆಗೆ ಹೇಳಿದ ನಿಯಮಗಳೆಲ್ಲ ಜಾರಿಯಲ್ಲಿವೆಯೆಂದೇ ಇಟ್ಟುಕೊಳ್ಳೋಣ. ಅನಾಮಧೇಯರಿಗೆ ಬಾಗಿಲಿಲ್ಲ, ಪ್ರತಿಯೊಬ್ಬರಿಗೂ ಕೆಲಸಕ್ಕೆ ತಕ್ಕ ಅಧಿಕಾರ, ಗುಟ್ಟುಗಳಿಗೆ ಗೂಢಲಿಪಿ, ಪ್ರತಿ ಕ್ರಿಯೆಗೂ ದಿನಚರಿ. ಒಂದು ಸಂಜೆ ಅಭಿವೃದ್ಧಿ ಅಧಿಕಾರಿಯ ಲಾಗಿನ್‌ನಿಂದ, ಅವರದೇ ಡಿಜಿಟಲ್ ಸಹಿಯಿಂದ ಒಂದು ಖಾತೆ ಬದಲಾವಣೆ ಅನುಮೋದನೆಗೊಳ್ಳುತ್ತದೆ. ದತ್ತಾಂಶ ಕೇಂದ್ರದ ದೃಷ್ಟಿಯಲ್ಲಿ ಎಲ್ಲವೂ ಸರಿ. ಹೆಸರು ಸರಿ, ಅಧಿಕಾರ ಸರಿ, ಸಹಿ ಸರಿ. ಆದರೆ ಅಧಿಕಾರಿ ಆ ಹೊತ್ತು ತಾಲ್ಲೂಕು ಪಂಚಾಯಿತಿಯ ಸಭೆಯಲ್ಲಿದ್ದು, ಟೋಕನ್ ಗಣಕಯಂತ್ರಕ್ಕೆ ಸಿಕ್ಕಿಸಿದಂತೆಯೇ ಇದ್ದು, ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿದ್ದರೆ, ಮೇಲೆ ಕಟ್ಟಿದ ಕೋಟೆಗೆ ಅದು ಕಾಣುವುದಿಲ್ಲ. ಸರಿಯಾದ ಬೀಗದ ಕೈ ತಪ್ಪು ಕೈಯಲ್ಲಿದ್ದರೆ ಅದನ್ನು ಗುರುತಿಸುವ ನಿಯಮ ದತ್ತಾಂಶ ಕೇಂದ್ರದಲ್ಲಿಲ್ಲ. ಆ ಜಾಗ ಗ್ರಾಮ ಪಂಚಾಯಿತಿ ಕಚೇರಿಯದು.

ಇದನ್ನು ಸಿಬ್ಬಂದಿಯ ದುರುದ್ದೇಶವೆಂದು ತಿಳಿಯುವುದು ಅನ್ಯಾಯ. ಬಹುಪಾಲು ಕಡೆ ಇದು ಕೆಲಸದ ಒತ್ತಡದ ಫಲ. ಒಬ್ಬ ಅಧಿಕಾರಿಗೆ ಎರಡು ಪಂಚಾಯಿತಿಗಳ ಪ್ರಭಾರ, ಸರ್ವರ್ ನಿಧಾನ, ಹೊರಗೆ ಅರ್ಜಿದಾರರ ಸಾಲು. ಡೇಟಾ ಎಂಟ್ರಿ ಆಪರೇಟರ್‌ಗೆ ಪಾಸ್‌ವರ್ಡ್ ಹೇಳಿ ಹೋದರೆ ಕೆಲಸ ಸಾಗುತ್ತದೆ. ಆದರೆ ಹಾಗೆ ಸಾಗಿದ ಪ್ರತಿ ಕೆಲಸವೂ ದಿನಚರಿಯಲ್ಲಿ ಅಧಿಕಾರಿಯ ಹೆಸರಿನಲ್ಲಿಯೇ ದಾಖಲಾಗುತ್ತದೆ. ತಪ್ಪು ನಡೆದ ದಿನ ದಿನಚರಿ ಯಾರ ಹೆಸರು ಹೇಳುತ್ತದೆಯೋ ವಿಚಾರಣೆ ಅವರಿಂದಲೇ ಆರಂಭವಾಗುತ್ತದೆ. ಪಾಸ್‌ವರ್ಡ್ ಹಂಚಿಕೊಳ್ಳುವುದರಿಂದ ಮೊದಲು ಬಲಿಯಾಗುವವರು ಪ್ರಾಮಾಣಿಕ ನೌಕರರೇ ಎಂಬುದು ಅನೇಕರಿಗೆ ತಡವಾಗಿ ಅರಿವಾಗುತ್ತದೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮದ 42ನೆಯ ಪ್ರಕರಣದಂತೆ ಡಿಜಿಟಲ್ ಸಹಿಯ ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳಲು ತಕ್ಕ ಎಚ್ಚರ ವಹಿಸುವುದು ಸಹಿ ಪಡೆದವರ ಕರ್ತವ್ಯ. ಇನ್ನೊಬ್ಬರ ಪಾಸ್‌ವರ್ಡ್ ಅಥವಾ ಡಿಜಿಟಲ್ ಸಹಿಯನ್ನು ವಂಚನೆಯಿಂದ ಬಳಸಿದವರಿಗೆ 66ಸಿ ಪ್ರಕರಣದ ಅಡಿಯಲ್ಲಿ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಅಧ್ಯಕ್ಷರ ಹೆಸರಿನಲ್ಲಿ ನೀಡಲಾದ ಟೋಕನ್‌ಗೂ 42ನೆಯ ಪ್ರಕರಣ ಅನ್ವಯಿಸುತ್ತದೆ. ಇ-ಗ್ರಾಮಸ್ವರಾಜ್‌ನಲ್ಲಿ ಪಾವತಿಯನ್ನು ಸಿದ್ಧಪಡಿಸುವವರು ಒಬ್ಬರು, ಅನುಮೋದಿಸುವವರು ಇನ್ನೊಬ್ಬರು ಎಂದು ಎರಡು ಸಹಿಗಳನ್ನು ಇರಿಸಿರುವುದು ದೇವಸ್ಥಾನದ ಹುಂಡಿಗೆ ಎರಡು ಬೀಗ ಹಾಕಿ ಕೈಗಳನ್ನು ಇಬ್ಬರಿಗೆ ಕೊಡುವ ಉದ್ದೇಶದಿಂದಲೇ. ಎರಡು ಟೋಕನ್‌ಗಳೂ ಒಂದೇ ಮೇಜಿನ ಡ್ರಾಯರಿನಲ್ಲಿದ್ದರೆ ಹುಂಡಿಗೆ ಇರುವುದು ಒಂದೇ ಬೀಗ.

ಅನೇಕ ಅಧ್ಯಕ್ಷರು, ಅದರಲ್ಲೂ ಮೊದಲ ಬಾರಿಗೆ ಆಯ್ಕೆಯಾದ ಮಹಿಳಾ ಅಧ್ಯಕ್ಷರು, ಗಣಕಯಂತ್ರ ತಮಗೆ ತಿಳಿಯದೆಂದು ಟೋಕನ್ ಅನ್ನು ಕಚೇರಿಯಲ್ಲಿಯೋ ಮನೆಯವರ ಕೈಯಲ್ಲಿಯೋ ಬಿಡುವ ಸಂದರ್ಭಗಳಿವೆ. ಕಾಗದದ ಚೆಕ್ಕಿಗೆ ಖಾಲಿ ಸಹಿ ಹಾಕಿಕೊಡಲು ಒಪ್ಪದವರೂ ಇದನ್ನು ಒಪ್ಪುತ್ತಾರೆ. ಎರಡಕ್ಕೂ ವ್ಯತ್ಯಾಸವಿಲ್ಲ, ಖಾಲಿ ಚೆಕ್ಕಿಗೆ ಒಂದೇ ಬಾರಿ ಹಣ ಬಿಡಿಸಬಹುದು ಎಂಬುದಷ್ಟೇ ಭೇದ.

ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು

ತಾಂತ್ರಿಕ ಜ್ಞಾನವಿಲ್ಲದ ಸದಸ್ಯರೂ ಸಾಮಾನ್ಯ ಸಭೆಯಲ್ಲಿ ಕೆಲವು ವಿಷಯಗಳನ್ನು ಕೇಳಿ ತಿಳಿಯಬಹುದು. ಕಚೇರಿಯಲ್ಲಿ ಯಾವ ತಂತ್ರಾಂಶಕ್ಕೆ ಯಾರ ಯಾರ ಹೆಸರಿನಲ್ಲಿ ಲಾಗಿನ್ ಇದೆ ಎಂಬ ಪಟ್ಟಿ ಇದೆಯೇ ಎಂಬುದು ಮೊದಲನೆಯದು. ಪಾಸ್‌ವರ್ಡ್ ಕೇಳಬಾರದು, ಹೆಸರುಗಳ ಪಟ್ಟಿ ಮಾತ್ರ. ವರ್ಗಾವಣೆಯಾದ ಅಧಿಕಾರಿ, ಕೆಲಸ ಬಿಟ್ಟ ಆಪರೇಟರ್, ನಿವೃತ್ತರಾದ ಕಾರ್ಯದರ್ಶಿ ಇವರ ಹೆಸರು ಇನ್ನೂ ಆ ಪಟ್ಟಿಯಲ್ಲಿದ್ದರೆ ಅದನ್ನು ಅಂದೇ ರದ್ದುಪಡಿಸಲು ತಾಲ್ಲೂಕು ಪಂಚಾಯಿತಿಗೆ ಪತ್ರ ಬರೆಯಬೇಕು. ಅಧಿಕಾರ ಹಸ್ತಾಂತರದ ದಿನ ನಗದು ಪುಸ್ತಕ, ದಾಸ್ತಾನು ವಹಿಗಳ ಜೊತೆಗೆ ಲಾಗಿನ್‌ಗಳ ರದ್ದತಿಯನ್ನೂ ನಮೂದಿಸುವ ಪದ್ಧತಿ ಬಂದರೆ ಅರ್ಧ ತೊಂದರೆ ನೀಗುತ್ತದೆ. ಸಿಬ್ಬಂದಿಗೆ ಅವರವರ ಹೆಸರಿನ ಲಾಗಿನ್ ಕೊಡಲು ತಂತ್ರಾಂಶದಲ್ಲಿ ಅವಕಾಶವಿದ್ದರೆ ಒಂದೇ ಲಾಗಿನ್ ಅನ್ನು ಹಲವರು ಬಳಸುವುದಕ್ಕೆ ನೆಪವೇ ಉಳಿಯುವುದಿಲ್ಲ.

ಕೆಲವು ಪಂಚಾಯಿತಿಗಳು ನೀರಿನ ಶುಲ್ಕ, ಕಸ ವಿಲೇವಾರಿ ಮುಂತಾದ ಕೆಲಸಗಳಿಗೆ ಖಾಸಗಿಯವರಿಂದ ಆ್ಯಪ್‌ಗಳನ್ನು ಪಡೆಯುತ್ತವೆ. ಇಂತಹ ಪ್ರಸ್ತಾವ ಸಭೆಗೆ ಬಂದಾಗ ಬೆಲೆಯ ಮಾತಿಗೆ ಮೊದಲು ಕೇಳಬೇಕಾದದ್ದು ಬೇರೆ ಇದೆ. ಗ್ರಾಮಸ್ಥರ ಹೆಸರು, ಮೊಬೈಲ್ ಸಂಖ್ಯೆ, ಬಾಕಿಯ ವಿವರ ಯಾವ ಯಂತ್ರದಲ್ಲಿ ಇರುತ್ತದೆ, ಅದು ದೇಶದೊಳಗಿದೆಯೇ, ಸರ್ಟ್-ಇನ್ ಮಾನ್ಯತೆ ಪಡೆದ ಪರಿಶೋಧಕರಿಂದ ಭದ್ರತಾ ಪರಿಶೋಧನೆ ಆಗಿದೆಯೇ, ಕರಾರು ಮುಗಿದ ಮೇಲೆ ದತ್ತಾಂಶವನ್ನು ಮರಳಿ ಕೊಟ್ಟು ತಮ್ಮಲ್ಲಿರುವುದನ್ನು ಅಳಿಸುತ್ತಾರೆಯೇ ಎಂಬುದು ಕರಾರಿನಲ್ಲಿ ಬರೆದಿರಬೇಕು. ಕಂಟೇನರ್ ಪದ್ಧತಿಯಲ್ಲಿ ನಡೆಯುವ ಸೇವೆಯಾದರೆ ಇನ್ನೊಂದು ಷರತ್ತು ಅಗತ್ಯ. ಕುಬರ್ನೆಟಿಸ್‌ನ ಪ್ರತಿ ಆವೃತ್ತಿಗೆ ಅದನ್ನು ರೂಪಿಸುವವರಿಂದ ಭದ್ರತಾ ತಿದ್ದುಪಡಿಗಳು ಸಿಗುವುದು ಸುಮಾರು 14 ತಿಂಗಳು ಮಾತ್ರ. ಐದು ವರ್ಷದ ಕರಾರಿನಲ್ಲಿ ಮೊದಲ ದಿನ ಸ್ಥಾಪಿಸಿದ ಆವೃತ್ತಿಯೇ ಕೊನೆಯವರೆಗೆ ಉಳಿದರೆ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಆ ಸೇವೆಗೆ ಮೂಲದಿಂದ ತಿದ್ದುಪಡಿಯೇ ಬರುವುದಿಲ್ಲ. ಆವೃತ್ತಿ ಮೇಲ್ದರ್ಜೆಗೇರಿಸುವ ಹೊಣೆ ಯಾರದು ಎಂಬುದನ್ನು ಕರಾರಿನಲ್ಲಿ ಒಂದು ಸಾಲಾಗಿ ಸೇರಿಸುವುದಕ್ಕೆ ಖರ್ಚಿಲ್ಲ.

ಟೋಕನ್ ಕಳೆದುಹೋದರೆ ಅಥವಾ ಬೇರೆಯವರು ಬಳಸಿದ್ದಾರೆಂಬ ಅನುಮಾನ ಬಂದರೆ ಹುಡುಕುತ್ತಾ ದಿನ ಕಳೆಯಬಾರದು. ಅದನ್ನು ನೀಡಿದ ಪ್ರಮಾಣೀಕರಣ ಪ್ರಾಧಿಕಾರಕ್ಕೆ ವಿಳಂಬವಿಲ್ಲದೆ ತಿಳಿಸಿ ರದ್ದುಪಡಿಸಲು ಕೋರಬೇಕು. ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ತಿಳಿಸಿದ ದಿನಾಂಕ ಮತ್ತು ಗಂಟೆಯನ್ನು ಕಚೇರಿಯ ವಹಿಯಲ್ಲಿ ಬರೆದಿಡಬೇಕು. 42ನೆಯ ಪ್ರಕರಣದ ವಿವರಣೆಯಂತೆ, ಆ ತಿಳಿವಳಿಕೆ ಪ್ರಾಧಿಕಾರಕ್ಕೆ ಮುಟ್ಟುವವರೆಗೆ ಹೊಣೆ ಸಹಿ ಪಡೆದವರದೇ ಆಗಿರುತ್ತದೆ.